ಅತಿಥಿಗಳು ಯಾರು? ಆತಿಥೇಯರು ಯಾರು?

ಹೊರದೇಶಗಳ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ‘ಅಮೆರಿಕ ಅಧ್ಯಯನ’ ಎಂಬ ವಿಭಾಗವೊಂದಿರುತ್ತದೆ. ರಾಯಭಾರಿಯವರ ಭಾಷಣ, ಸಂದರ್ಶಕ ಪ್ರಾಧ್ಯಾಪಕರ ಉಪನ್ಯಾಸ, ಕಾದಂಬರಿಕಾರರೊಡನೆ ಸಂವಾದ, ಕೊನೆಗೆ ಚಹಾ, ವಂದನಾರ್ಪಣೆ: ಅಲ್ಲಿನ ಕಾರ್ಯಕ್ರಮಗಳು ಸಾಮಾನ್ಯವಾಗಿ ಹೀಗೆ ನಡೆಯುತ್ತವೆ. ನಮ್ಮ ದೇಶದಲ್ಲೂ 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆವರಣದಲ್ಲಿ ಅಮೆರಿಕನ್ ಅಧ್ಯಯನ ಸಂಶೋಧನಾ ಕೇಂದ್ರ ಆರಂಭವಾಯಿತು. ಅದು ದೊಡ್ಡ ಗ್ರಂಥಾಲಯವನ್ನೇ ಕಟ್ಟಿತು. ನಮ್ಮ ಕಾಲೇಜುಗಳ ಎಷ್ಟೋ ಅಧ್ಯಾಪಕರು ಅಲ್ಲಿಗೆ ಹೋಗಿ ಓದಿ ಬಂದರು.

ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿನ ಕೆಲಸಕ್ಕೆ ಓಡುವ ರಾಬರ್ಟ್‌ಸನ್‌ಪೇಟೆಯ ಕಾರ್ಮಿಕನಿಗೆ, ಬಂಗಾರಪೇಟೆಯ ಬಜಾರಿನಲ್ಲಿ ತಕ್ಕಡಿ ಹಿಡಿದು ಕುಳಿತ ಚಿಲ್ಲರೆ ವ್ಯಾಪಾರಿಗೆ ಇದರಿಂದ ಆಗಬೇಕಾದ್ದೇನು ಎಂದು ಕೇಳುವವರುಂಟು. ನಾವು ಹೇಳುತ್ತೇವೆ: ಸಂಬಂಧವಿದೆ. ಮೊದಲನೆಯದಾಗಿ ಹಣದ ಸಂಬಂಧವೇ ಇದೆ.

ಅಮೆರಿಕವು 1954ರಲ್ಲಿ ಪಿ.ಎಲ್. 480 ಎಂಬ ಕಾನೂನು ಮಾಡಿತು. 1956ರ ಒಪ್ಪಂದದಂತೆ ಅವರ ಹೆಚ್ಚುವರಿ ಗೋಧಿ ನಮ್ಮ ಬಂದರುಗಳಿಗೆ ಬಂತು. ಅದರ ಬೆಲೆಯನ್ನು ಭಾರತ ಡಾಲರಿನಲ್ಲಿ ಕೊಡದೆ ರೂಪಾಯಿಯಲ್ಲಿ ಅವರ ಲೆಕ್ಕಕ್ಕೆ ಜಮಾ ಮಾಡಿತು. ಆ ರೂಪಾಯಿಗಳಲ್ಲಿ ಒಂದು ಪಾಲು ವಿದ್ವಾಂಸರ ಹೋಗಿಬರುವ ಖರ್ಚಿಗೆ ಒದಗಿತು. 1962ರಿಂದ ಅದೇ ಹಣದಲ್ಲಿ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾನಿಲಯಗಳಿಗೆ ಕಳುಹಿಸಲಾಯಿತು. ಎಂದಮೇಲೆ ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರೂ ಆ ಸಭೆಗಳ ಆತಿಥೇಯರೇ. ಅವರಿಗೆ ಆಹ್ವಾನ ಪತ್ರಿಕೆ ಮಾತ್ರ ಬರಲಿಲ್ಲ.

ವಿದ್ಯೆಯ ಕೊಡುಕೊಳ್ಳುವಿಕೆಯನ್ನು ನಾವು ವಿರೋಧಿಸುವವರಲ್ಲ. ಮೈಸೂರಿನ ಎ.ಕೆ. ರಾಮಾನುಜನ್ ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ದಶಕಗಳ ಕಾಲ ಪಾಠ ಹೇಳಿ, ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ವಚನಗಳನ್ನು ಇಂಗ್ಲಿಷಿಗೆ ಕೊಟ್ಟದ್ದು ಕನ್ನಡಕ್ಕೆ ಹೆಮ್ಮೆಯ ಸಂಗತಿ. ನಮ್ಮ ಪ್ರಶ್ನೆ ಬೇರೆ. ಒಂದು ದೇಶವನ್ನು ಅರಿಯಲು ಯಾರನ್ನು ಅತಿಥಿಯಾಗಿ ಕರೆಯುತ್ತೀರಿ? ಯಾರ ಬಾಯಿಂದ ಅದರ ಕಥೆ ಕೇಳುತ್ತೀರಿ?

ಹೈದರಾಬಾದಿನ ಕೇಂದ್ರ ಹುಟ್ಟಿದ ಅದೇ 1964ರ ಮೇ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅಮೆರಿಕದಲ್ಲಿದ್ದರು. ಆಗ ಅವರು ಲೋಕಸಭೆಯ ಸದಸ್ಯರು. ಮಿಸಿಸಿಪಿ ರಾಜ್ಯದಲ್ಲಿ ಅವರನ್ನು ಬರಮಾಡಿಕೊಂಡದ್ದು ಕರಿಯರ ಕಾಲೇಜಾದ ಟೂಗಲೂ. ಜಾಕ್ಸನ್ ನಗರದ ಒಂದು ಊಟದ ಮನೆ, ಅವರ ಮೈಬಣ್ಣ ನೋಡಿ ಒಳಗೆ ಬಿಡಲಿಲ್ಲ. ಲೋಹಿಯಾ ಸುಮ್ಮನೆ ಹಿಂದಿರುಗಲಿಲ್ಲ. ಮತ್ತೆ ಹೋದರು, ಬಂಧನಕ್ಕೊಳಗಾದರು. 1951ರಲ್ಲಿ ಕಾಗೋಡಿನ ಗೇಣಿದಾರರ ಪರವಾಗಿ ಬಂಧನಕ್ಕೊಳಗಾದವರು ಜಾಕ್ಸನ್ನಿನಲ್ಲಿ ಬೇರೇನು ಮಾಡಿಯಾರು? ಅಮೆರಿಕದ ಸರ್ಕಾರ ಕ್ಷಮೆ ಕೇಳಿತು. ತಮ್ಮೊಬ್ಬರ ಕ್ಷಮೆ ಕೇಳಿದರೆ ಮುಗಿಯುವ ಮಾತು ಇದಲ್ಲ ಎಂಬುದೇ ಅವರ ನಿಲುವಾಗಿತ್ತು. ಅಮೆರಿಕವನ್ನು ಅಧ್ಯಯನ ಮಾಡಿದ ಭಾರತೀಯ ಅತಿಥಿ ಎಂದರೆ ಇವರು. ಎರಡು ದಿನಗಳಲ್ಲಿ ಅವರು ಕಲಿತದ್ದನ್ನೂ ಕಲಿಸಿದ್ದನ್ನೂ ಯಾವ ಭಾಷಣಮಾಲೆ ಕೊಡಬಲ್ಲದು?

ಗಣಿಯವರಿಗೆ ಬೇಕಾದ ಇನ್ನೊಂದು ಅಮೆರಿಕವಿದೆ. ಪಶ್ಚಿಮ ವರ್ಜೀನಿಯಾದ ಹಾಕ್ಸ್ ನೆಸ್ಟ್ ಎಂಬಲ್ಲಿ 1930ರಿಂದ ಗುಡ್ಡವನ್ನು ಕೊರೆದು ಸುರಂಗ ತೋಡಿದರು. ವಿದ್ಯುತ್ತು ಬೇಕಾಗಿದ್ದುದು ಯೂನಿಯನ್ ಕಾರ್ಬೈಡ್ ಕಂಪನಿಯ ಕಾರ್ಖಾನೆಗೆ. ದುಡಿದವರಲ್ಲಿ ಬಹುಪಾಲು ಕೆಲಸ ಹುಡುಕಿಕೊಂಡು ಬಂದ ಕರಿಯರು. ಬಂಡೆಯ ಧೂಳು ಎದೆಗಿಳಿದು ನೂರಾರು ಜನ ಸಿಲಿಕೋಸಿಸ್‌ನಿಂದ ಸತ್ತರು. ಆ ರೋಗದ ಹೆಸರನ್ನು ನಮ್ಮ ಕೋಲಾರ ಚಿನ್ನದ ಗಣಿಯ ಯಾವ ಲೈನಿನ ಮನೆಗೂ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅದೇ ಕಂಪನಿಯ ಹೆಸರನ್ನು 1984ರ ಡಿಸೆಂಬರಿನಲ್ಲಿ ಭೋಪಾಲದ ಬಡವರು ಹೇಗೆ ತಿಳಿದರೆಂಬುದನ್ನೂ ಹೇಳಬೇಕಾಗಿಲ್ಲ. ನಾವು ಆಚರಿಸುವ ಮೇ ದಿನವೂ 1886ರಲ್ಲಿ ಎಂಟು ಗಂಟೆಯ ದುಡಿಮೆಗಾಗಿ ಚಿಕಾಗೋ ಕಾರ್ಮಿಕರು ಹೂಡಿದ ಹೋರಾಟದಿಂದ ಬಂದದ್ದು. ಈ ಅಮೆರಿಕಕ್ಕೂ ನಮಗೂ ರಕ್ತಸಂಬಂಧವಿದೆ.

ದೊಡ್ಡ ಅತಿಥಿಗಳು ನಮ್ಮ ಊರಿಗೇನು ಹೊಸಬರಲ್ಲ. 1902ರಲ್ಲಿ ಶಿವನಸಮುದ್ರದಿಂದ ಈ ಗಣಿಗಳಿಗೆ ವಿದ್ಯುತ್ತು ಹರಿದಾಗ ಅದರ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿದ್ವಾಂಸರೊಡನೆ ಸೇರಿ, ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ ನ್ಯೂಟ್ರಿನೊ ಕಣದ ಸುಳಿವು ಹಿಡಿದರು. ಜಗತ್ತಿನ ವಿಜ್ಞಾನ ಅದನ್ನು ನೆನೆಯುತ್ತದೆ, ನೆನೆಯಲಿ. ಆದರೆ ಆ ಆಳವನ್ನು ತೋಡಿದವರು, ಕೇಜನ್ನು ಇಳಿಸಿ ಏರಿಸಿದವರು ಯಾವ ಪ್ರಬಂಧದಲ್ಲಿದ್ದಾರೆ? 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಿದಾಗ ಅವರ ಪಾಲಿಗೆ ಉಳಿದದ್ದು ಸಯನೈಡ್ ದಿಬ್ಬಗಳ ಧೂಳು ಮತ್ತು ಮಾರಿಕುಪ್ಪಂ ರೈಲಿನ ಪಾಸು. ವ್ಯಾಪಾರಿಗಳಿಗೆ ಉಳಿದದ್ದು ಸಾಲದ ಪುಸ್ತಕ. ಕೂಲಿಯವನ ಕೈಯಲ್ಲಿ ಕಾಸಿಲ್ಲದಿದ್ದರೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೂ ಇರುವುದಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಕೋಲಾರ ಜಿಲ್ಲೆಯಲ್ಲಿ ಈಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ. ಅದರ ಬಾಗಿಲಿಗೆ ಬರುವ ಪ್ರತಿಯೊಬ್ಬ ಹೊರದೇಶದ ವಿದ್ವಾಂಸರನ್ನೂ ಒಂದು ಸಂಜೆಯ ಮಟ್ಟಿಗಾದರೂ ರಾಬರ್ಟ್‌ಸನ್‌ಪೇಟೆಗೋ ಬಂಗಾರಪೇಟೆಗೋ ಕರೆತರಬೇಕು. ಅವರ ಮಾತನ್ನು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಜನರಿಗೆ ತಿಳಿಸಬೇಕು. ಹೊರದೇಶದ ಗಣಿ ಕಾರ್ಮಿಕರನ್ನು, ಸಂಘದ ಕಾರ್ಯಕರ್ತರನ್ನು ಪ್ರಾಧ್ಯಾಪಕರಿಗೆ ಕೊಡುವ ಮರ್ಯಾದೆಯಿಂದಲೇ ಅತಿಥಿಗಳಾಗಿ ಕರೆಯಬೇಕು. ನಮ್ಮ ನಿವೃತ್ತ ಗಣಿಗಾರರು ಬದುಕಿರುವಾಗಲೇ ಅವರ ಮಾತನ್ನು ದಾಖಲಿಸಬೇಕು. ಹೊರದೇಶದ ವಿಭಾಗಗಳು ಅವರನ್ನು ಅಲ್ಲಿಗೆ ಕರೆಯುವಂತೆಯೂ ಒತ್ತಾಯಿಸಬೇಕು.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರಿಗೆ ನಮ್ಮ ಉತ್ತರ ಚಿಕ್ಕದು. ಗೋಧಿಯ ಬೆಲೆಯಲ್ಲಿ ಒಮ್ಮೆ ಕೊಟ್ಟಿದ್ದೇವೆ, ನೂರಿಪ್ಪತ್ತು ವರ್ಷ ಚಿನ್ನದಲ್ಲಿ ಕೊಟ್ಟಿದ್ದೇವೆ. ಮುಂದಿನ ಸಭೆಯಲ್ಲಿ ಮೊದಲ ಸಾಲಿನ ಒಂದು ಕುರ್ಚಿ ನಮ್ಮದಾಗಿರಲಿ. ಸಂಘಗಳೂ ವರ್ತಕ ಮಿತ್ರರೂ ಒಟ್ಟಾಗಿ ಅದನ್ನು ಕೇಳಿ ಪಡೆಯಬೇಕು.