ಗಂಟಿಲ್ಲದ ಬೆಸುಗೆ

ಹಗ್ಗ ಹರಿದರೆ ಎರಡು ತುದಿಗಳನ್ನೂ ಹಿಡಿದು ಬಿಗಿಯಾಗಿ ಗಂಟು ಹಾಕುವುದು ಪಟ್ಟಣವಾಸಿಗಳಾದ ನಮ್ಮೆಲ್ಲರ ರೂಢಿ. ಕಣ್ಣಿಗೆ ಹಗ್ಗವೇನೋ ಕೂಡಿತು. ಆದರೆ ಅದರ ಬಲವೂ ಕೂಡಿತೆ? ಈ ಪ್ರಶ್ನೆ ನಮ್ಮ ಮನೆಯಲ್ಲಿ ಏಳುವುದಕ್ಕೆ ಮೊಮ್ಮಗಳ ನಾಮಕರಣವೇ ಬರಬೇಕಾಯಿತು.

ಅಟ್ಟದಿಂದ ಹಳೆಯ ತೊಟ್ಟಿಲನ್ನು ಇಳಿಸಿದೆವು. ಅದರ ನಾರಿನ ಹಗ್ಗ ಒಂದೆಡೆ ಹರಿದಿತ್ತು. ನನ್ನ ಮಗ ಅದಕ್ಕೆ ನೈಲಾನ್ ಹಗ್ಗದ ತುಂಡೊಂದನ್ನು ಗಂಟುಹಾಕಿ, "ಆನೆಯನ್ನು ಮಲಗಿಸಿದರೂ ಹರಿಯದು" ಎಂದು ಬೀಗಿದ. ತುರುವೇಕೆರೆಯ ಕಡೆಯಿಂದ ಬಂದಿದ್ದ ನನ್ನ ಸೋದರಮಾವನವರು ಎಂಬತ್ತು ದಾಟಿದವರು. ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿ, "ಆನೆಯ ಮಾತು ಹಾಗಿರಲಿ ಕಣಪ್ಪಾ, ಕೂಸನ್ನು ಮಲಗಿಸುವ ಮೊದಲು ರುಬ್ಬುಗುಂಡನ್ನು ಮಲಗಿಸಿ ತೂಗು" ಎಂದರು. ಹತ್ತು ಸಲ ತೂಗುವಷ್ಟರಲ್ಲಿ ನುಣುಪಾದ ನೈಲಾನಿನ ತುದಿ ಎರಡು ಬೆರಳಿನಷ್ಟು ಜಾರಿತ್ತು. ಮನೆಮಂದಿಯೆಲ್ಲ ಮೌನವಾದೆವು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆ ಉಂಡೆ ಕೊಬ್ಬರಿಗೆ ಹೆಸರಾದದ್ದು. ಅಲ್ಲಿ ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಆಮೇಲೆ ಸುಲಿದಾಗ ಉಳಿಯುವ ಸಿಪ್ಪೆಯಿಂದ ಕಂದುಬಣ್ಣದ ಒರಟು ನಾರು ದೊರೆಯುತ್ತದೆ. ಕೇರಳದ ಕರಾವಳಿಯವರು ಹಸಿಯ ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ ತೆಗೆಯುವ ಬಿಳಿಯ ನಾರು ಬೇರೆ ಜಾತಿಯದು. ಇಂಗ್ಲಿಷಿನ 'ಕಾಯರ್' ಎಂಬ ಮಾತು ಮಲಯಾಳದ 'ಕಯರ್' ಎಂಬುದರಿಂದ ಬಂದದ್ದು. ಅದಕ್ಕೆ ಹಗ್ಗವೆಂದೇ ಅರ್ಥ.

ಈ ನಾರಿನ ಒಂದೊಂದು ಎಳೆಯೂ ಸುಮಾರು ಗೇಣುದ್ದದ್ದು. ಆದರೂ ಅದರಿಂದ ನೂರು ಮೊಳದ ಹಗ್ಗವಾಗುತ್ತದೆ. ಅಂಗೈಯಲ್ಲಿ ಹೊಸೆಯುವಾಗ ಹಳೆಯ ಎಳೆಗಳು ಮುಗಿಯುವ ಮೊದಲೇ ಹೊಸ ನಾರನ್ನು ಸೇರಿಸುತ್ತ ಹೋಗುತ್ತಾರೆ. ಹುರಿಯ ಬಿಗಿಗೆ ಎಳೆಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ; ಎಳೆದಷ್ಟೂ ಆ ಹಿಡಿತ ಬಲಿಯುತ್ತದೆ. ಗಂಟಿನಲ್ಲಿ ಹಾಗಲ್ಲ. ಹಗ್ಗ ಅಲ್ಲಿ ಥಟ್ಟನೆ ಬಾಗುವುದರಿಂದ ಹೊರಮೈಯ ಎಳೆಗಳ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಸಾಮಾನ್ಯವಾದ ಗಂಟಿನಿಂದ ಹಗ್ಗದ ಬಲ ಸುಮಾರು ಅರ್ಧಕ್ಕೆ ಇಳಿಯುವುದುಂಟು. ಹೆಣೆದು ಕೂಡಿಸಿದರೆ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಉಳಿಯುತ್ತದೆ.

ಮಾವನವರು ಅಂದು ನಮಗೆ ತೋರಿಸಿಕೊಟ್ಟ ಕ್ರಮ ಇದು: ಮೂರು ಹುರಿಯ ಹಗ್ಗದ ಸವೆದ ಭಾಗವನ್ನು ಕತ್ತರಿಸಿ ತೆಗೆಯಿರಿ. ಎರಡು ತುದಿಗಳನ್ನೂ ಒಂದು ಗೇಣಿನಷ್ಟು ಬಿಚ್ಚಿರಿ. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ, ಒಂದು ತುದಿಯ ಹುರಿಗಳ ನಡುವೆ ಇನ್ನೊಂದರ ಹುರಿಗಳು ಬರುವಂತೆ ಎದುರುಬದುರಾಗಿ ಕೂಡಿಸಿರಿ. ಬಳಿಕ ಪ್ರತಿಯೊಂದು ಹುರಿಯನ್ನೂ ಎದುರು ಹಗ್ಗದ ಒಂದು ಹುರಿಯ ಮೇಲೆ ಹಾಯಿಸಿ, ಮುಂದಿನದರ ಕೆಳಗೆ ತೂರಿಸಿ, ಬಿಗಿಯಾಗಿ ಎಳೆಯಿರಿ. ಎರಡು ಕಡೆಗೂ ಮೂರು ಮೂರು ಸುತ್ತು ಹೀಗೆ ಮಾಡಿ, ಕಾಲಡಿಯಲ್ಲಿಟ್ಟು ಹೊರಳಿಸಿದರೆ ಎಳೆಗಳು ಕುಳಿತುಕೊಳ್ಳುತ್ತವೆ. ಜಾರುವ ಗುಣದ ನೈಲಾನಿಗಾದರೆ ಐದು ಸುತ್ತಾದರೂ ಬೇಕು. ನಾರನ್ನೂ ನೈಲಾನನ್ನೂ ಒಂದಕ್ಕೊಂದು ಕೂಡಿಸುವ ಗೊಡವೆ ಬೇಡ. ಎರಡೂ ಒಂದೇ ಸಮನಾಗಿ ಹಿಗ್ಗುವುದಿಲ್ಲ.

ಬೆಸುಗೆ ಮುಗಿಯಿತು. ಕೂಡಿದ ಜಾಗ ತುಸು ದಪ್ಪವಾಗಿತ್ತು, ಅಷ್ಟೆ. ಮಗ ಮತ್ತೆ ರುಬ್ಬುಗುಂಡನ್ನು ತೂಗಿ ನೋಡಿದ, ಕೂದಲೆಳೆಯಷ್ಟೂ ಜಾರಲಿಲ್ಲ. ಅವನು ಸಂತೋಷದಿಂದ ತೊಟ್ಟಿಲಿಗೆ ಹಗ್ಗ ಕಟ್ಟಲು ಹೊರಟಾಗ ಮಾವನವರು ಕೈಹಿಡಿದು ತಡೆದರು.

"ಬೆಸುಗೆ ಗಟ್ಟಿ, ನಿಜ. ಆದರೆ ಒಂದು ಕಡೆ ಸವೆದು ಹರಿದ ಹಗ್ಗ ಮಿಕ್ಕ ಕಡೆಯಲ್ಲಿಯೂ ಸವೆದಿರುತ್ತದೆ. ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಹಾಕಿ ತೆಗೆಯಬಹುದು. ಕೂಸಿಗೆ ಹೊಸ ಹಗ್ಗವನ್ನೇ ತಾ."

ಮಗ ಮರುಮಾತನಾಡದೆ ಅಂಗಡಿಗೆ ಹೋದ. ನಮ್ಮ ಮೊಮ್ಮಗಳು ಈಗ ಹೊಸ ಹಗ್ಗದ ತೊಟ್ಟಿಲಿನಲ್ಲಿ ನೆಮ್ಮದಿಯಾಗಿ ನಿದ್ರಿಸುತ್ತಾಳೆ. ಮಾವನವರು ಹೆಣೆದ ಹಳೆಯ ಹಗ್ಗ ಹಿತ್ತಲಿನಲ್ಲಿ ಅವಳ ಬಟ್ಟೆಗಳನ್ನು ಹೊತ್ತು ನಿಂತಿದೆ.