ಬೀರುವಿನಲ್ಲಿ ಮರೆತ ಬಣ್ಣ, ಕೆರೆಯಲ್ಲಿ ಉಳಿಯುವ ಕಸ

ಯುಗಾದಿಗೆ ಮುನ್ನ ಮನೆಗೆ ಸುಣ್ಣ ಬಳಿದು, ಅಟ್ಟದ ಸಾಮಾನು ಇಳಿಸಿ ಧೂಳು ಕೊಡವುವುದು ಕೋಲಾರದ ಹಳ್ಳಿಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಪಾಳೆಯಗಾರರ ಮನೆತನಕ್ಕೆ ತನ್ನ ಹೆಸರನ್ನು ಕೊಟ್ಟ ಸುಗಟೂರು ಇದಕ್ಕೆ ಹೊರತಲ್ಲ. ಆದರೆ ಈಗ ಹೊರಬೀಳುವ ವಸ್ತುಗಳು ಬೇರೆಯಾಗಿವೆ. ಬೀರುವಿನ ಒಳಖಾನೆಯಲ್ಲಿ, ಮದುವೆಯ ಸೀರೆಗಳ ಹಿಂದೆ, ಒಂದು ಡಬ್ಬಿ ಸಿಗುತ್ತದೆ. ಅದರೊಳಗೆ ಅರ್ಧ ಸವೆದ ಲಿಪ್‌ಸ್ಟಿಕ್, ಬಿರುಕುಬಿಟ್ಟ ಪೌಡರು, ಗಟ್ಟಿಯಾದ ನೈಲ್ ಪಾಲಿಷ್, ಮೈಬಣ್ಣಕ್ಕೆ ಹೊಂದಲಿಲ್ಲವೆಂದು ಒಮ್ಮೆ ಹಚ್ಚಿ ಬಿಟ್ಟ ಫೌಂಡೇಶನ್, ಯಾರೋ ಉಡುಗೊರೆ ಕೊಟ್ಟ ಕಣ್ಣಿನ ಬಣ್ಣದ ಪೆಟ್ಟಿಗೆ. ಕೊಂಡವರಿಗೇ ಅವುಗಳ ನೆನಪಿಲ್ಲ.

ಇಂತಹ ಡಬ್ಬಿಯನ್ನು ಮತ್ತೆ ತೆರೆದು, ಮರೆತದ್ದನ್ನು ಬಳಸಿ ಮುಗಿಸುವವರೆಗೆ ಹೊಸದನ್ನು ಕೊಳ್ಳಬಾರದೆಂಬ ವಿಚಾರ ನಗರದ ಯುವತಿಯರಲ್ಲಿ ಇತ್ತೀಚೆಗೆ ಹಬ್ಬಿದೆ. ಇದು ಒಳ್ಳೆಯ ವಿಚಾರವೇ. ಆದರೆ ಅದು ಅರ್ಧ ದಾರಿಯಲ್ಲಿ ನಿಂತಿದೆ. ಡಬ್ಬಿ ಏಕೆ ತುಂಬಿತು, ಅದರಲ್ಲಿರುವುದು ಎಲ್ಲಿಂದ ಬಂತು, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಅದು ಕೇಳುವುದಿಲ್ಲ. ಗುಡ್ಡ ಮತ್ತು ಕೆರೆಗಳನ್ನು ನಂಬಿ ಬದುಕುವ ಜನ ಆ ಪ್ರಶ್ನೆಗಳನ್ನು ಕೇಳದೆ ಇರಲಾಗದು.

ಡಬ್ಬಿ ತನ್ನಷ್ಟಕ್ಕೆ ತಾನೇ ತುಂಬಲಿಲ್ಲ. 1975ರಲ್ಲಿ ಬಿಳಿಚರ್ಮದ ಆಸೆ ಹುಟ್ಟಿಸುವ ಕ್ರೀಮೊಂದು ಈ ದೇಶದ ಮಾರುಕಟ್ಟೆಗೆ ಬಂತು. ಕಪ್ಪು ಎಂಬುದು ಒಂದು ಕೊರತೆ, ಆ ಕೊರತೆಗೆ ಔಷಧ ಟ್ಯೂಬಿನಲ್ಲಿದೆ ಎಂಬ ಪಾಠವನ್ನು ಅದು ನಲವತ್ತೈದು ವರ್ಷ ಹೇಳಿತು. 2020ರಲ್ಲಿ ಜಗತ್ತಿನಾದ್ಯಂತ ಪ್ರತಿಭಟನೆ ಎದ್ದಾಗ ಹೆಸರಿನಲ್ಲಿದ್ದ ಒಂದು ಪದ ಬದಲಾಯಿತು; ಟ್ಯೂಬು ಅಂಗಡಿಯಲ್ಲಿಯೇ ಉಳಿಯಿತು. 1991ರ ಆರ್ಥಿಕ ಉದಾರೀಕರಣದ ನಂತರ ವಿದೇಶಿ ಪ್ರಸಾಧನ ಕಂಪನಿಗಳು ಸಾಲುಗಟ್ಟಿ ಬಂದವು. 1994ರಲ್ಲಿ ಭುವನಸುಂದರಿ, ವಿಶ್ವಸುಂದರಿ ಪಟ್ಟಗಳೆರಡೂ ಒಂದೇ ವರ್ಷ ಭಾರತಕ್ಕೆ ಬಂದದ್ದು ಈ ವ್ಯಾಪಾರಕ್ಕೆ ದೊಡ್ಡ ಪ್ರಚಾರವಾಯಿತು. 1996ರ ನವೆಂಬರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನಲ್ಲಿಯೇ ನಡೆಯಿತು. ರೈತರೂ ಮಹಿಳಾ ಸಂಘಟನೆಗಳೂ ಬೀದಿಗಿಳಿದು ಅದನ್ನು ವಿರೋಧಿಸಿದರು. ಪೊಲೀಸ್ ಕಾವಲಿನಲ್ಲಿ ಸ್ಪರ್ಧೆ ಮುಗಿಯಿತು. ಮಾರುಕಟ್ಟೆ ಮಾತ್ರ ಹಳ್ಳಿಯ ಬಾಗಿಲಿನವರೆಗೂ ಬಂದು ನಿಂತಿತು. ಕೊಳ್ಳಲು ಹಣವಿಲ್ಲದವರಿಗೆ ಪುಟ್ಟ ಸ್ಯಾಷೆ ಬಂತು. ಇಂದು ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಮರಳುವ ಹೆಣ್ಣುಮಗಳ ಕೈಯಲ್ಲಿರುವ ಮೊಬೈಲೇ ಅಂಗಡಿ. ಒಂದು ಕೊಂಡರೆ ಇನ್ನೊಂದು ಉಚಿತ ಎನ್ನುವ ಆ ಅಂಗಡಿಗೆ ರಾತ್ರಿಯೂ ಬಾಗಿಲಿಲ್ಲ. ಉಚಿತವಾಗಿ ಬಂದ ಆ ಇನ್ನೊಂದೇ ಬೀರುವಿನ ಮೂಲೆ ಸೇರುತ್ತದೆ.

ಎರಡನೆಯ ಪ್ರಶ್ನೆ, ಬಣ್ಣದ ಮೂಲ. ಕಣ್ಣಿನ ಬಣ್ಣಕ್ಕೂ ತುಟಿಯ ಬಣ್ಣಕ್ಕೂ ಮಿನುಗು ಕೊಡುವುದು ಬಹಳಷ್ಟು ಸಲ ಅಭ್ರಕ, ಎಂದರೆ ಕಾಗೆಬಂಗಾರ. ಜಾರ್ಖಂಡದ ಕೊಡರ್ಮಾ, ಗಿರಿಡೀಹ್ ಜಿಲ್ಲೆಗಳ ಗುಡ್ಡಗಳಲ್ಲಿ ಪರವಾನಗಿಯಿಲ್ಲದ ಸುರಂಗಗಳಿಂದ ಬಡಕುಟುಂಬಗಳು, ಮಕ್ಕಳ ಸಮೇತ, ಅದನ್ನು ಆಯ್ದು ತೆಗೆದ ಕಥೆ ಹಲವು ವರದಿಗಳಲ್ಲಿ ಹೊರಬಂದಿದೆ. ಕ್ರೀಮು ಮತ್ತು ಲಿಪ್‌ಸ್ಟಿಕ್‌ಗಳ ಜಿಡ್ಡಿನ ಒಂದು ಪಾಲು ತಾಳೆಎಣ್ಣೆ. ಆ ತೋಟಗಳಿಗಾಗಿ ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ಮಳೆಕಾಡು ಕಡಿಯಲಾಯಿತು. ಚಿನ್ನಕ್ಕಾಗಿ ನೆಲ ಬಗೆದು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಸಯನೈಡ್ ದಿಬ್ಬಗಳ ಧೂಳನ್ನು ಉಸಿರಾಡಿದ ಜಿಲ್ಲೆ ಕೋಲಾರ. ಹೊಳಪಿಗೆ ಯಾರದೋ ಗುಡ್ಡ ಬೆಲೆ ತೆರುತ್ತದೆಂಬುದು ಈ ಜಿಲ್ಲೆಗೆ ಹೊಸ ಸಂಗತಿಯಲ್ಲ.

ಬಳಸುವ ದೇಹವೂ ಬೆಲೆ ತೆರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಮೂತ್ರಪಿಂಡದ ಒಂದು ಬಗೆಯ ಕಾಯಿಲೆ ಹೆಚ್ಚಾದುದನ್ನು ವೈದ್ಯರು ಗುರುತಿಸಿ, ಅದರ ಜಾಡು ಹಿಡಿದು ಹೋದಾಗ ತಲುಪಿದ್ದು ಚರ್ಮ ಬೆಳ್ಳಗಾಗಿಸುವ ಕ್ರೀಮುಗಳಿಗೆ. ಅವುಗಳಲ್ಲಿ ಪಾದರಸವಿತ್ತು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಪಾದರಸದ ವಿರುದ್ಧ 2013ರಲ್ಲಿ ರೂಪುಗೊಂಡ ಮಿನಮಾಟ ಒಪ್ಪಂದದ ರಾಷ್ಟ್ರಗಳು, ಪಾದರಸ ಬೆರೆಸಿದ ಪ್ರಸಾಧನಗಳನ್ನು 2025ರೊಳಗೆ ಪೂರ್ಣವಾಗಿ ಕೊನೆಗೊಳಿಸಬೇಕೆಂದು 2023ರಲ್ಲಿ ನಿರ್ಧರಿಸಿದವು. ನಿರ್ಧಾರ ಕಾಗದದ ಮೇಲಿದೆ. ತಯಾರಕರ ವಿಳಾಸವಿಲ್ಲದ ಡಬ್ಬಿ ಸಂತೆಯಲ್ಲಿದ್ದರೆ ಅದು ಬೀರುವಿಗೂ ಬರುತ್ತದೆ.

ಮೂರನೆಯ ಪ್ರಶ್ನೆಯೇ ಈ ನೆಲಕ್ಕೆ ಅತ್ಯಂತ ಹತ್ತಿರದ್ದು. ಹಳತಾದ ಬಣ್ಣವನ್ನು ಸಿಂಕಿನಲ್ಲಿ ತೊಳೆದು ಖಾಲಿ ಡಬ್ಬಿಯನ್ನು ಎಸೆದರೆ ಮನೆ ಸ್ವಚ್ಛವಾಯಿತೆಂದು ಬೆಂಗಳೂರು ಭಾವಿಸುತ್ತದೆ. ಆ ನೀರು ಎಲ್ಲಿಗೆ ಬರುತ್ತದೆ? 2018ರ ಜೂನ್‌ನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ನೀರಿನ ಯೋಜನೆ ಅದು. ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮರುತಿಂಗಳೇ ನೊರೆಯೂ ಬಂತು. ಉಚ್ಚ ನ್ಯಾಯಾಲಯ ಕೆಲಕಾಲ ನೀರನ್ನು ತಡೆಯಿತು. ಬತ್ತಿದ ಕೆರೆ ತುಂಬಿ ಅಂತರ್ಜಲ ಏರಿದ್ದು ಸುಳ್ಳಲ್ಲ. ರೈತರ ಆ ಸಂತೋಷವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಈ ನೀರಿಗೆ ಆಗುವುದು ಎರಡನೇ ಹಂತದ ಶುದ್ಧೀಕರಣ ಮಾತ್ರ. ಅದು ಮುಖ್ಯವಾಗಿ ಕೊಳೆಯಬಲ್ಲ ಹೊಲಸನ್ನು ಕಡಿಮೆ ಮಾಡುತ್ತದೆ. ಲೋಹ ಕೊಳೆಯುವುದಿಲ್ಲ, ಪ್ಲಾಸ್ಟಿಕ್ ಕಣವೂ ಕೊಳೆಯುವುದಿಲ್ಲ. ಬಹುಪಾಲು ಕೆಸರಿನಲ್ಲಿ ಉಳಿಯಬಹುದು, ಉಳಿದದ್ದು ನೀರಿನೊಡನೆ ಸಾಗಬಹುದು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂದು ಈ ಜಿಲ್ಲೆಯ ನೀರಾವರಿ ಹೋರಾಟಗಾರರು ಕೇಳುತ್ತ ಬಂದಿರುವುದು ಈ ಕಾರಣಕ್ಕಾಗಿಯೇ. ಮಹಾನಗರದ ಕನ್ನಡಿಯ ಮುಂದೆ ತೊಳೆದ ಬಣ್ಣಕ್ಕೂ ಇಲ್ಲಿನ ಟೊಮೆಟೊ ಹೊಲಕ್ಕೂ ಈಗ ಒಂದು ಕೊಳವೆಯಷ್ಟೇ ಅಂತರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕಾರ್ಖಾನೆಗಳು ಟನ್ನುಗಟ್ಟಲೆ ವಿಷ ಹರಿಸುವಾಗ ಒಬ್ಬ ಹೆಣ್ಣುಮಗಳ ಲಿಪ್‌ಸ್ಟಿಕ್ಕಿನ ಮೇಲೆ ಏಕೆ ಕಣ್ಣು? ಆಕ್ಷೇಪ ನ್ಯಾಯವಾದುದು. ಸಿಂಗಾರ ಅಪರಾಧವಲ್ಲ. ದುಡಿದು ತಂದ ಸಂಬಳದಲ್ಲಿ ಒಂದು ಬಣ್ಣ ಕೊಂಡವಳನ್ನು ಗದರಿಸುವ ಹಕ್ಕು ಅಪ್ಪನಿಗೂ ಇಲ್ಲ, ಚಳವಳಿಗೂ ಇಲ್ಲ. ಬೀಡಿ, ಬೈಕು, ಹೆಂಡದ ವೆಚ್ಚವನ್ನು ಯಾರೂ ಎಣಿಸದ ಮನೆಯಲ್ಲಿ ಪೌಡರು ಡಬ್ಬಿಯ ವೆಚ್ಚವನ್ನು ಮಾತ್ರ ಎಣಿಸುವುದು ಪರಿಸರಪ್ರೇಮವಲ್ಲ. ಪ್ರಶ್ನೆ ಇರುವುದು ಅವಳಿಗಲ್ಲ. ಅವಳ ಮುಖದಲ್ಲಿ ದಿನಕ್ಕೊಂದು ದೋಷ ಹುಡುಕಿ ಮಾರುವವರಿಗೆ.

ಹಾಗೆಂದು ಹಿಂದಿನದೆಲ್ಲ ಅಮೃತವೆನ್ನುವುದೂ ಸರಿಯಲ್ಲ. ಹರಳೆಣ್ಣೆ ದೀಪದ ಕಾಡಿಗೆ, ಅರಿಶಿನಕ್ಕೆ ಸುಣ್ಣ ಬೆರೆಸಿದ ಕುಂಕುಮ, ಸೀಗೆಪುಡಿ, ಅಂಟುವಾಳ ಮನೆಯಲ್ಲಿಯೇ ಸಿದ್ಧವಾಗಿ ಮುಗಿಯುತ್ತಿದ್ದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸೀಗೆ, ಅಂಟುವಾಳ, ನೆಲ್ಲಿಗಳೇ ಸಂಪಾದನೆಯ ದಾರಿಯಾಗಿದ್ದವು. ಆದರೆ ಅಂಗಡಿಯ ಸಿಂಧೂರ, ಸುರುಮಗಳಲ್ಲಿ ಸೀಸ ಕಂಡುಬಂದಿರುವುದೂ ನಿಜ. ಇಂದು ‘ಹರ್ಬಲ್’ ಎಂಬ ಚೀಟಿ ಅಂಟಿಸಿಕೊಂಡು ಬರುವುದೂ ಅದೇ ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ. ಹಳೆಯದು ಒಳ್ಳೆಯದಾಗಿದ್ದುದು ಹಳೆಯದೆಂಬ ಕಾರಣಕ್ಕಲ್ಲ. ಬೇಕಾದಷ್ಟೇ ಮಾಡಿ, ಮಾಡಿದ್ದನ್ನು ಮುಗಿಸುತ್ತಿದ್ದರೆಂಬ ಕಾರಣಕ್ಕೆ.

ಆದುದರಿಂದ ಡಬ್ಬಿಯನ್ನು ತೆರೆಯಬೇಕು, ಎಲ್ಲವನ್ನೂ ಚಾಪೆಯ ಮೇಲೆ ಸುರಿಯಬೇಕು. ಅವಧಿ ಮುಗಿದದ್ದು, ವಾಸನೆ ಬದಲಾದದ್ದು, ತಯಾರಕರ ಹೆಸರಿಲ್ಲದ್ದು ಒಂದು ಕಡೆ. ಕಣ್ಣಿಗೆ ಹಚ್ಚುವ ದ್ರವಬಣ್ಣ ತೆರೆದು ಹಲವು ತಿಂಗಳಾಗಿದ್ದರೆ ಅದೂ ಅಲ್ಲಿಗೇ. ಅದರಲ್ಲಿ ರೋಗಾಣು ಬೆಳೆಯುತ್ತದೆ. ಉಳಿದದ್ದನ್ನು ಮುಂದಿನ ಖಾನೆಯಲ್ಲಿಟ್ಟು, ಮುಗಿಯುವವರೆಗೆ ಬಳಸಬೇಕು; ಅಲ್ಲಿಯವರೆಗೆ ಹೊಸದು ಬೇಡ. ಕೆಟ್ಟದ್ದನ್ನು ತೊಳೆಯಕೂಡದು, ಸುಡಕೂಡದು, ಕೆರೆಯ ಕೋಡಿಗೆ ಎಸೆಯಕೂಡದು. ಮುಚ್ಚಳ ಬಿಗಿದು ಬೇರೆ ಚೀಲದಲ್ಲಿ ಕಟ್ಟಿ ಪಂಚಾಯಿತಿಯ ಕಸದ ಗಾಡಿಗೆ ಕೊಡಬೇಕು. ಇಂತಹ ಕಸಕ್ಕೆ ಪ್ರತ್ಯೇಕ ಪೆಟ್ಟಿಗೆ ಬೇಕೆಂದು ಗ್ರಾಮಸಭೆಯಲ್ಲಿ ಕೇಳಬೇಕು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಈ ಕೆಲಸಕ್ಕೆ ಮುಂದಾಗಬಹುದು. ಪ್ಲಾಸ್ಟಿಕ್ ಹೊದಿಕೆಯ ಹೊಣೆ ಅದನ್ನು ಮಾರಿದವರದೇ ಎಂಬುದನ್ನು 2022ರ ಕೇಂದ್ರ ನಿಯಮಗಳು ವಿಸ್ತರಿಸಿ ಹೇಳಿವೆ. ಹಾಗಿದ್ದರೆ ಸ್ಯಾಷೆ ಮಾರಲು ಸುಗಟೂರಿಗೆ ಬರುವ ದಾರಿ ಗೊತ್ತಿರುವ ಕಂಪನಿಗೆ, ಅದನ್ನು ಆಯ್ದುಕೊಂಡು ಹೋಗಲು ಅದೇ ದಾರಿ ಏಕೆ ಗೊತ್ತಿಲ್ಲ?

ಕೊಂಡವರು ಮರೆತರೂ ಮಣ್ಣು ಮರೆಯುವುದಿಲ್ಲ. ಬೀರುವಿನ ಮೂಲೆಯಲ್ಲಿ ಸಿಕ್ಕ ಡಬ್ಬಿಯನ್ನು ಮುಗಿಸುವುದು ಮಿತವ್ಯಯ. ಅದರ ಜಾಗಕ್ಕೆ ಇನ್ನೊಂದು ಬಾರದಂತೆ ನೋಡಿಕೊಳ್ಳುವುದು, ಮಾರಿದವರನ್ನು ಹೊಣೆ ಹಿಡಿಯುವುದು ಚಳವಳಿ. ಈ ಯುಗಾದಿಗೆ ಸುಣ್ಣ ಬಳಿಯುವ ಪ್ರತಿ ಮನೆಯಲ್ಲೂ ಎರಡೂ ಆರಂಭವಾಗಲಿ.