ಪಾಚಿಗೆ ಮದ್ದೋ, ಬೆಳಕಿಗೆ ಮಿತಿಯೋ?

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಮೀನುಗಳನ್ನೂ ಜಲಸಸ್ಯಗಳನ್ನೂ ಬೆಳೆಸುವ ಹವ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಕಂಡುಬರುತ್ತಿರುವುದು ಸಂತೋಷದ ಸಂಗತಿ. ಆದರೆ ಅವರು ನನ್ನಲ್ಲಿಗೆ ತರುವ ದೂರು ಬಹುಮಟ್ಟಿಗೆ ಒಂದೇ: "ಸಾರ್, ಗಿಡದ ಎಲೆಗಳಿಗೆಲ್ಲ ಪಾಚಿ ಹಿಡಿದಿದೆ. ಯಾವ ಔಷಧ ಹಾಕಬೇಕು?" ಗಾಜಿಗೆ ಹಿಡಿದ ಪಾಚಿಯನ್ನು ಉಜ್ಜಿ ತೆಗೆಯಬಹುದು, ಎಲೆಯನ್ನು ಉಜ್ಜಿದರೆ ಎಲೆಯೇ ಹರಿಯುತ್ತದೆ. ಸಸ್ಯದಂತೆ ಪಾಚಿಯೂ ಬೆಳಕನ್ನುಂಡು ಬದುಕುವ ಜೀವಿ. ಒಂದನ್ನು ಕೊಲ್ಲುವ ವಿಷ ಮತ್ತೊಂದನ್ನು ನೋಯಿಸದೆ ಬಿಡುವುದು ಅಪರೂಪ. ಆದುದರಿಂದ ಔಷಧದ ಸೀಸೆಗೆ ಕೈಹಾಕುವ ಮೊದಲು ದೀಪದ ಗುಂಡಿಗೆ ಕೈಹಾಕಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಬಂದುದು ಪುಸ್ತಕಗಳಿಂದಲ್ಲ, ಪೆಟ್ಟು ತಿಂದು. ನಾಲ್ಕು ವರ್ಷಗಳ ಹಿಂದೆ ನನ್ನ ತೊಟ್ಟಿಯ ವ್ಯಾಲಿಸ್ನೇರಿಯ ಗಿಡದ ನೀಳವಾದ ಎಲೆಗಳನ್ನು ಹಸಿರು ನೂಲಿನಂತಹ ಪಾಚಿ ಮುತ್ತಿತು. ಪರಿಚಿತರೊಬ್ಬರು ಕೊಟ್ಟ ನೀಲಿ ದ್ರಾವಣವನ್ನು, ಅದೇನೆಂದು ವಿಚಾರಿಸದೆಯೇ ಸುರಿದೆ. ಅದು ಮೈಲುತುತ್ತ, ಮಲೆನಾಡಿನವರು ಅಡಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ತಾಮ್ರದ ಸಲ್ಫೇಟ್. ಜಲಾಶಯಗಳ ಪಾಚಿಯನ್ನು ಇದರಿಂದ ಕೊಲ್ಲಬಹುದೆಂದು ಅಮೆರಿಕದ ಮೂರ್ ಮತ್ತು ಕೆಲರ್‌ಮನ್ ಎಂಬುವರು 1904ರಲ್ಲಿಯೇ ತೋರಿಸಿಕೊಟ್ಟಿದ್ದರು. ಪಾಚಿ ಸತ್ತಿತು, ನಿಜ. ಆದರೆ ಮರುದಿನ ಬಸವನ ಹುಳುಗಳೆಲ್ಲವೂ ತಳದಲ್ಲಿ ಸತ್ತು ಬಿದ್ದಿದ್ದುವು. ಅವುಗಳಿಗೆ ತಾಮ್ರ ಕಡುವಿಷ. ಒಂದೊಂದಕ್ಕೂ ಹೆಸರಿಟ್ಟಿದ್ದ ನನ್ನ ಮಗಳಿಗೆ ಏನು ಹೇಳಬೇಕೆಂದೇ ತೋಚಲಿಲ್ಲ. ವಾರದೊಳಗೆ ವ್ಯಾಲಿಸ್ನೇರಿಯವೂ ಕೊಳೆಯಿತು. ಮೂರನೆಯ ವಾರ ಹಿಂದಿರುಗಿದುದು ಪಾಚಿಯೊಂದೇ!

ಹಿಂದಿರುಗದೆ ಏನು ಮಾಡೀತು? ಕೊಳೆತ ಗಿಡ ಮತ್ತು ಹುಳುಗಳಿಂದ ಅಮೋನಿಯ ಹೊರಟು ನೀರು ಸೇರಿತ್ತು. ಪಾಚಿಯೊಡನೆ ಪೈಪೋಟಿ ನಡೆಸಬೇಕಾಗಿದ್ದ ಗಿಡಗಳು ಉಳಿದಿರಲಿಲ್ಲ. ತೊಟ್ಟಿ ಪೂರ್ವದ ಕಿಟಕಿಯ ಬಳಿಯಲ್ಲಿಯೇ ಇತ್ತು. ದೀಪವೂ ದಿನಕ್ಕೆ ಹನ್ನೆರಡು ಗಂಟೆ ಉರಿಯುತ್ತಲೇ ಇತ್ತು.

ಈ ಕಿಟಕಿಯ ವಿಷಯದಲ್ಲಿ ನಮ್ಮ ಕಣ್ಣು ನಮ್ಮನ್ನು ಮೋಸಗೊಳಿಸುತ್ತದೆ. ನಡುಹಗಲಿನ ನೇರ ಬಿಸಿಲಿನ ಪ್ರಕಾಶ ಸುಮಾರು 1,00,000 ಲಕ್ಸ್. ರಾತ್ರಿ ದೀಪ ಹಚ್ಚಿದ ನಮ್ಮ ಕೋಣೆಯದು ಕೆಲವು ನೂರು ಲಕ್ಸ್ ಮಾತ್ರ. ಆದರೂ ಎರಡು ಕಡೆಯೂ ನಾವು ಆರಾಮವಾಗಿ ಓದಬಲ್ಲೆವು. ಕಣ್ಣು ಪ್ರಕಾಶಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುವುದೇ ಇದಕ್ಕೆ ಕಾರಣ. ಎಲೆಗೆ ಈ ಸೌಕರ್ಯವಿಲ್ಲ. ತೊಟ್ಟಿಯ ದೀಪ 2,000 ಲಕ್ಸ್ ಪ್ರಕಾಶವನ್ನು 8 ಗಂಟೆ ಕೊಡುವುದೆಂದಿಟ್ಟುಕೊಳ್ಳಿ: ಒಟ್ಟು 16,000 ಲಕ್ಸ್-ಗಂಟೆ. ಕಿಟಕಿಯಿಂದ 40,000 ಲಕ್ಸ್ ಬಿಸಿಲು ಅರ್ಧ ಗಂಟೆ ಬಿದ್ದರೆ 20,000! ದಿನವಿಡೀ ಉರಿದ ದೀಪವನ್ನು ಅರ್ಧ ಗಂಟೆಯ ಬಿಸಿಲು ಮೀರಿಸಿತು. ಇಷ್ಟು ಬೆಳಕಿಗೆ ಸರಿಸಮವಾಗಿ ಬೆಳೆಯಲು ಗಿಡಕ್ಕೆ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಸಾಲದು. ಬೆಳವಣಿಗೆ ನಿಂತ ಎಲೆಯ ಮೇಲೆ ಪಾಚಿ ನಿಶ್ಚಿಂತೆಯಿಂದ ನೆಲೆಸುತ್ತದೆ. ಅನುಬಿಯಾಸ್‌ನಂತಹ ನಿಧಾನವಾಗಿ ಬೆಳೆಯುವ, ಎಲೆ ಬಹುಕಾಲ ಬಾಳುವ ಗಿಡಗಳಿಗೆ ಪಾಚಿ ಬೇಗ ಹಿಡಿಯುವುದೂ ಇದರಿಂದಲೇ.

ಎರಡನೆಯ ಬಾರಿ ನಾನು ತೊಟ್ಟಿಯನ್ನು ಕಿಟಕಿಯಿಂದ ಒಳಕ್ಕೆ ಸರಿಸಿದೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಹೇಳುವ ಮಾತನ್ನು ನೆನೆದು, ಬೇರೇನನ್ನೂ ಬದಲಿಸದೆ ಎರಡು ವಾರ ಕಾದೆ. ಅನಂತರ ದೀಪವನ್ನು 7 ಗಂಟೆಗೆ ಇಳಿಸಿದೆ. ಪಾಚಿ ಹಿಡಿದ ಹಳೆಯ ಎಲೆ ಶುಭ್ರವಾಗಲಿಲ್ಲ; ಆಗುವುದೂ ಇಲ್ಲ. ಅದನ್ನು ಬುಡದಲ್ಲಿ ಕತ್ತರಿಸಿ ತೆಗೆಯಬೇಕು. ನೋಡಬೇಕಾದುದು ಹೊಸ ಎಲೆಯನ್ನು. ಆರನೆಯ ವಾರ ಹೊರಟ ಎಲೆಗಳು ಬುಡದಿಂದ ತುದಿಯವರೆಗೆ ಸ್ವಚ್ಛವಾಗಿದ್ದುವು.

"ಪಾಚಿಗೆ ಕಾರಣ ಬೆಳಕಲ್ಲ, ಗೊಬ್ಬರ" ಎಂದು ವಾದಿಸುವವರುಂಟು. ಅವರ ಬಳಿ ಬಲವಾದ ಸಾಕ್ಷ್ಯವೂ ಇದೆ. ಕೆನಡದ ವಿಜ್ಞಾನಿ ಡೇವಿಡ್ ಶಿಂಡ್ಲರ್ 1973ರಲ್ಲಿ ಸರೋವರವೊಂದನ್ನು ಪರದೆಯಿಂದ ಇಬ್ಭಾಗಿಸಿ, ಎರಡು ಕಡೆಗೂ ಇಂಗಾಲ ಮತ್ತು ಸಾರಜನಕವನ್ನು ಹಾಕಿಸಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗವಷ್ಟೇ ಹಸಿರಾಯಿತು. ಕೆರೆಗೆ ಇದು ಸತ್ಯ. ಆದರೆ ಗಿಡ ತುಂಬಿದ ತೊಟ್ಟಿಯಲ್ಲಿ ರಂಜಕವನ್ನು ತಡೆದರೆ ಮೊದಲು ಸೊರಗುವುದು ಗಿಡವೇ. ಮೀನಿಗೆ ಆಹಾರವನ್ನು ಮಿತವಾಗಿ ಹಾಕಿ, ವಾರಕ್ಕೊಮ್ಮೆ ಮೂರರಲ್ಲೊಂದು ಭಾಗ ನೀರನ್ನು ಬದಲಿಸಿದರೆ ಸಾಮಾನ್ಯವಾಗಿ ಸಾಕು. ಹೊಸ ತೊಟ್ಟಿಯ ಕಂದು ಧೂಳಿನಂತಹ ಡಯಾಟಮ್‌ಗಳಿಗೆ ಇಷ್ಟೂ ಬೇಡ. ಕೆಲವು ವಾರಗಳಲ್ಲಿ ಬಹುಮಟ್ಟಿಗೆ ತಾವಾಗಿಯೇ ಮರೆಯಾಗುತ್ತವೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಠಿಣನಾಗಬೇಕಾಗಿದೆ. ಎಲೆಗಳ ಮೇಲೆ ನೀಲಿಹಸಿರು ಪೊರೆಯಂತೆ ಹಬ್ಬಿ, ಹಾಳೆಹಾಳೆಯಾಗಿ ಸುಲಿದು ಬರುವ, ದುರ್ವಾಸನೆಯ "ಪಾಚಿ" ವಾಸ್ತವವಾಗಿ ಪಾಚಿಯಲ್ಲ, ಬ್ಯಾಕ್ಟೀರಿಯ. ಅದಕ್ಕೆಂದು ಎರಿತ್ರೊಮೈಸಿನ್ ಮಾತ್ರೆಯನ್ನು ಪುಡಿಮಾಡಿ ಹಾಕುವವರಿದ್ದಾರೆ. ಮನುಷ್ಯರ ರೋಗಕ್ಕೆ ಬೇಕಾದ ಔಷಧವನ್ನು ತೊಟ್ಟಿಗೆ ಬೆರೆಸಿ, ಆ ನೀರನ್ನು ಮೋರಿಗೆ ಚೆಲ್ಲಿದರೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳನ್ನು ನಾವೇ ಆರಿಸಿ ಬೆಳೆಸಿದಂತೆ. ಪೊರೆಯನ್ನು ಕೊಳವೆಯಿಂದ ಹೀರಿ ತೆಗೆದು, ತೊಟ್ಟಿಗೆ ಮೂರು ದಿನ ದಪ್ಪ ಬಟ್ಟೆ ಹೊದಿಸಿ ಕತ್ತಲೆ ಮಾಡಿ ನೋಡಿ. ಆ ದಿನಗಳಲ್ಲಿ ನೀರಿಗೆ ಗಾಳಿ ಹಾಯಿಸಲು ಮರೆಯಬೇಡಿ.

ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಇದ್ದುದು ವ್ಯಾಲಿಸ್ನೇರಿಯವೇ, ಜೊತೆಗೆ ಎರಡು ಹೊನ್ನಮೀನುಗಳು. ಕೊಳೆತ ಎಲೆಗಳಿಂದ ನೀರು ಕೆಟ್ಟಾಗ ಆತ ತಂದು ಬಿಟ್ಟುದು ಕೊಳದ ಬಸವನ ಹುಳುಗಳನ್ನು. ನನ್ನ ತೊಟ್ಟಿಯಲ್ಲಿಯೂ ಈಗ ಮತ್ತೆ ಏಳು ಹುಳುಗಳಿವೆ. ಹಿಂಬದಿಯ ಗಾಜಿನ ಪಾಚಿಯನ್ನು ನಾನು ಕೆರೆಯುವುದಿಲ್ಲ. ಅದು ಅವುಗಳ ಪಾಲು. ಹೆಸರಿಡುವ ಕೆಲಸವನ್ನು ಮಗಳು ಇನ್ನೂ ಮುಗಿಸಿಲ್ಲ.